ಚಿನ್ನುನ ಬಿಲ್ 9,400, ಯಾಮಾರಿದ್ವಾ ಡಾಕ್ಟ್ರೇ?

ಪ್ರಶ್ನೆ: ಡಾಕ್ಟ್ರೇ ನಮಸ್ತೆ. ನಮ್ಮ ಚಿನ್ನು, ಹನ್ನೊಂದು ವರ್ಷದ ಲ್ಯಾಬ್ರಡಾರ್, 30 ಕೆಜಿ ಇದ್ದ, ಹೋದ ತಿಂಗಳು ಒಂದು ಭಾನುವಾರ ರಾತ್ರಿ ಹೋಗ್ಬಿಟ್ಟ. ಗಾಬರೀಲಿ ಫೋನಲ್ಲಿ ಸಿಕ್ಕಿದ ಒಬ್ರು ಪ್ರೈವೇಟ್‌ನವ್ರನ್ನ ಕರೆಸಿದ್ವಿ. ಸುಡೋಕೆ 5,500, ಗಾಡಿ 1,800, ರಾತ್ರಿ ಚಾರ್ಜ್ 1,000, ಬೂದಿ ಮಡಿಕೆ, ಪಾದದ ಅಚ್ಚು ಸೇರಿ 1,100, ಒಟ್ಟು 9,400 ಆಯ್ತು. ಸುಮನಹಳ್ಳೀಲಿ ಪಾಲಿಕೆದೇ ಇದ್ಯಲ್ಲ, ನಿಮ್ಮನ್ನ ಯಾಮಾರಿಸಿದ್ರು ಅಂತಾರೆ ಪಕ್ಕದ್ಮನೆ ಆಂಟಿ. ಕೊಟ್ಟ ಬೂದಿ ಅವಂದೇನಾ ಅಂತಾನೂ ಈಗ ಡೌಟು. ಮನೇಲಿ ಇನ್ನೊಂದಿದೆ, ಅದಕ್ಕೂ ಎಂಟಾಯ್ತು.
– ಒಬ್ಬ ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಆಂಟಿ ಹೇಳಿದ್ದು ಅರ್ಧ ಸರಿ. ಸುಮನಹಳ್ಳೀಲಿ ಪ್ರಾಣಿಗಳಿಗೆ ಅಂತಾನೇ ಪಾಲಿಕೆ ಚಿತಾಗಾರ ಇದೆ, ಹೂಳ್ಬೇಕು ಅನ್ನೋರಿಗೆ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್ ಅನ್ನೋ ಪ್ರಾಣಿದಯಾ ಸಂಸ್ಥೆಯವ್ರ ಜಾಗ ಇದೆ. ಆದ್ರೆ ರಾತ್ರಿ ಮಡಿಲಲ್ಲಿ ನಾಯಿ ಇಟ್ಕೊಂಡು ಕೂತೋರಿಗೆ ಅದೆಲ್ಲ ಹೊಳ್ಯಲ್ಲ, ಮೊದಲು ಸಿಕ್ಕಿದ ನಂಬರ್‌ಗೇ ಮಾಡೋದು, ನಾನಾದ್ರೂ ಅದೇ ಮಾಡ್ತಿದ್ನೇನೋ.

ಬಿಲ್ಲಲ್ಲಿ ದೊಡ್ಡದು ಆ 5,500. ಮಷೀನು 800 ಡಿಗ್ರಿ ಮೇಲೆ ಕಾಯ್ಬೇಕು, ಲ್ಯಾಬ್ರಡಾರ್ ಸೈಜಿಗೆ ಒಂದೆರಡು ಗಂಟೆ ಬೇಕು, ಆಮೇಲೆ ಆರೋವರೆಗೂ ಒಲೆ ಖಾಲಿ ಆಗಲ್ಲ, ಅದಕ್ಕೇ ರೇಟು ತೂಕದ ಮೇಲೆ ಏರೋದು, ಒಬ್ಬನ್ನೇ ಇಟ್ರೆ ಇನ್ನೂ ಏರೋದು. ನಾಲ್ಕೈದು ಪ್ರಾಣಿ ಒಟ್ಟಿಗೆ ಇಟ್ರೆ ಖರ್ಚು ಹಂಚಿಹೋಗುತ್ತೆ, ಬೂದಿ ಬೇರೆ ಮಾಡೋಕಾಗಲ್ಲ. ಬೂದಿ ಬೇಡ ಅನ್ನೋರು ಒಟ್ಟಿಗೆ ಸುಡೋದಕ್ಕೇ ಹೇಳ್ಬಹುದು, ಅದ್ರಲ್ಲಿ ನಾಯಿಗೆ ಏನೂ ಕಮ್ಮಿ ಮಾಡಿದ ಹಾಗಾಗಲ್ಲ. ‘ಇಂಡಿವಿಜುಯಲ್’ ಅನ್ನೋ ಮಾತಿಗೆ ಮಾತ್ರ ಮರುಳಾಗ್ಬೇಡಿ, ಒಂದೇ ಒಲೇಲಿ ಸ್ವಲ್ಪ ದೂರ ದೂರ ಇಟ್ಟು ಅದನ್ನೇ ಇಂಡಿವಿಜುಯಲ್ ಅನ್ನೋರೂ ಇದ್ದಾರೆ. ‘ಒಲೆ ಒಳಗೆ ನಮ್ಮ ನಾಯಿ ಒಂದೇನಾ?’ ಅಂತ ನೇರವಾಗಿ ಕೇಳಿ.

ಬೂದಿ ಡೌಟಿಗೆ ಅಡುಗೆಮನೆ ತಕ್ಕಡಿ ತಗೊಳ್ಳಿ. ಸುಟ್ಟ ಮೇಲೆ ಉಳಿಯೋದು ಮೂಳೆ, ಅದನ್ನ ಪುಡಿ ಮಾಡಿ ಕೊಡ್ತಾರೆ, ಹಾಗಾಗಿ ವಿಭೂತಿ ಥರ ನುಣ್ಣಗಿರಲ್ಲ, ಬೆಳ್ಳಗೆ ರವೆ ರವೆ ಇರುತ್ತೆ. ತೂಕ ದೇಹದ ನೂರಕ್ಕೆ ಮೂರು ನಾಲ್ಕು ಭಾಗ, ಅಂದ್ರೆ ಚಿನ್ನುಗೆ ಸುಮಾರು 1 ಕೆಜಿ. ತೂಕ ಸರಿ ಇದ್ರೆ ಅವಂದೇ ಅಂತ ಗ್ಯಾರಂಟಿ ಏನಿಲ್ಲ, ಆದ್ರೆ ಒಂದು ಹಿಡಿ ಇದ್ರೆ ಅಥವಾ 3 ಕೆಜಿ ಇದ್ರೆ ಫೋನ್ ಮಾಡಿ ಕೇಳಿ. ಗಿಡಕ್ಕೆ ಹಾಕೋದಾದ್ರೆ ಸ್ವಲ್ಪವೇ, ಜಾಸ್ತಿ ಮಣ್ಣಲ್ಲಿ ಕಲಸಿ ಹಾಕಿ, ಅದ್ರಲ್ಲಿ ಉಪ್ಪು, ಕ್ಷಾರ ಜಾಸ್ತಿ, ಹಾಗೇ ಸುರಿದ್ರೆ ತುಳಸಿ ಒಣಗುತ್ತೆ.

ರಾತ್ರಿ ಚಾರ್ಜ್ ನನ್ನ ಲೆಕ್ಕದಲ್ಲಿ ದಂಡ. ಬೆಳಗಿನವರೆಗೂ ಮನೇಲೇ ಇಡಬಹುದಿತ್ತು: ಕೆಳಗೆ ಪೇಪರ್, ಹಳೇ ಬೆಡ್‌ಶೀಟ್, ಬಟ್ಟೆ ಸುತ್ತಿದ ಐಸ್ ಬಾಟ್ಲು ಹೊಟ್ಟೆ ಹತ್ರ, ಫ್ಯಾನು. ಕಾಲು ಮಾತ್ರ ಬೇಗ ಮಡಚಿಡಿ, ಕೆಲವೇ ಗಂಟೇಲಿ ಸೆಟೆದುಕೊಳ್ಳುತ್ತೆ, ಆಮೇಲೆ ಕಾರ್ ಡಿಕ್ಕಿಗೂ ಹಿಡಿಯಲ್ಲ. ಬಾಯಿಂದ, ಹಿಂದಿನಿಂದ ನೀರು ಬಂದ್ರೆ ಹೆದರ್ಬೇಡಿ. ಹುಚ್ಚುನಾಯಿ ರೋಗದ ಅನುಮಾನ ಇದ್ರೆ ಮಾತ್ರ ಇದೆಲ್ಲ ಬೇಡ, ಮುಟ್ಟದೆ ಮೊದಲು ಡಾಕ್ಟ್ರಿಗೆ ಹೇಳಿ.

ಪಾದದ ಅಚ್ಚಿಗೆ ದುಡ್ಡು ಯಾಕೆ? ಗೋಕುಲಾಷ್ಟಮಿಗೆ ಬಾಗಿಲಿಂದ ದೇವರ ಮನೆವರೆಗೂ ಪುಟ್ಟ ಹೆಜ್ಜೆ ಬಿಡಿಸ್ತೀವಲ್ಲ, ಆ ಅಕ್ಕಿಹಿಟ್ಟಿನ ನೀರಲ್ಲೇ ಎರಡನೇದರ ಕಾಲು ಅದ್ದಿ ಕಪ್ಪು ಕಾಗದದ ಮೇಲೆ ಈಗಲೇ ಒತ್ತಿಸಿ, ಅರ್ಧ ಹಿಟ್ಟು ಅದು ನೆಕ್ಕಿಬಿಡುತ್ತೆ, ಪರವಾಗಿಲ್ಲ. ಹಾಗೇ ಸುಮನಹಳ್ಳಿಗೊಂದು, ಪ್ರೈವೇಟಿಗೊಂದು ಫೋನ್ ಹಾಕಿ ಟೈಮು, ರೇಟು, ಗಾಡಿ ಚಾರ್ಜು ಕೇಳಿ ಕ್ಯಾಲೆಂಡರ್ ಹಿಂದೆ ಬರ್ಕೊಳ್ಳಿ. ಮುಂದಿನ ಇಂಜೆಕ್ಷನ್‌ಗೆ ಕ್ಲಿನಿಕ್‌ಗೆ ಹೋದಾಗ ತೂಕಾನೂ ಹಾಕಿಸಿ ಅಲ್ಲೇ ಸೇರಿಸಿ.