ದಿನವೂ ನೀರು ಕೊಟ್ಟರೂ ನನ್ನ ಡೆಸರ್ಟ್ ವಿಲ್ಲೋ ಹೂ ಬಿಡುತ್ತಿಲ್ಲ, ಏಕೆ?

ಎರಡು ವರ್ಷದ ಗಿಡ, ಬುಡದಲ್ಲಿ ದಿನವೂ ಹನಿ ನೀರು, ಮೈತುಂಬ ಎಲೆ, ಒಂದೂ ಹೂವಿಲ್ಲ, ಗಾಳಿಗೆ ಒಂದು ಕಡೆ ವಾಲಿದೆ ಎಂದಿದ್ದೀರಿ. ನನ್ನ ಮೊದಲ ಗಿಡವೂ ಥೇಟ್ ಹೀಗೇ ಇತ್ತು. ಉಪಚಾರ ಹೆಚ್ಚಾಗಿ ಅದು ಬೇರು ಕೊಳೆತು ಸತ್ತಿತು.

ಹೆಸರಿನಲ್ಲಿ ವಿಲ್ಲೋ ಇದ್ದರೂ ಇದು ನೀರಿನ ದಡದಲ್ಲಿ ಬೆಳೆಯುವ ಆ ವಿಲ್ಲೋ ಮರವಲ್ಲ. ಕಿರಿದಾದ ನೀಳ ಎಲೆಯಷ್ಟೇ ಹಾಗಿದೆ. ಜಕರಂಡ, ಆಕಾಶಮಲ್ಲಿಗೆಗಳ ಕುಟುಂಬಕ್ಕೆ ಸೇರಿದ್ದು. ತುತ್ತೂರಿಯಂಥ ಹೂವು ಕಂಡರೆ ನಂಟು ಗೊತ್ತಾಗುತ್ತದೆ. ಇದರ ತವರು ಅಮೆರಿಕದ ನೈಋತ್ಯ ಭಾಗ ಮತ್ತು ಉತ್ತರ ಮೆಕ್ಸಿಕೋ. ಅಲ್ಲಿ ಇದು ವರ್ಷದ ಬಹುಪಾಲು ಒಣಗಿಯೇ ಇರುವ ಹಳ್ಳಗಳ ದಂಡೆಯಲ್ಲಿ ಬೆಳೆಯುತ್ತದೆ. ಮಳೆ ಬಂದ ದಿನ ಹಳ್ಳ ಉಕ್ಕುತ್ತದೆ, ನೀರು ಮರಳಿನ ಆಳಕ್ಕೆ ಇಂಗುತ್ತದೆ, ಬೇರು ಅದನ್ನು ಹುಡುಕಿಕೊಂಡು ಇಳಿಯುತ್ತದೆ. ದಿನವೂ ಬಾಯಿಗೇ ತುತ್ತು ಸಿಕ್ಕರೆ ಅದೇಕೆ ಇಳಿದೀತು? ಬೇರು ಮೇಲೆಯೇ ಉಳಿಯುತ್ತದೆ, ಗಿಡ ಹೂ ಬಿಡದೆ ಎಲೆಯನ್ನೇ ಬೆಳೆಸುತ್ತದೆ, ತಲೆ ಭಾರವಾಗುತ್ತದೆ, ಮರ ವಾಲುತ್ತದೆ.

ಹಾಗಾಗಿ ನೀರು ನಿಲ್ಲಿಸಬೇಡಿ, ಕೊಡುವ ರೀತಿ ಬದಲಿಸಿ. ಒಮ್ಮೆ ಕೊಟ್ಟರೆ 60 ಸೆಂಟಿಮೀಟರ್ ಆಳದವರೆಗೆ ನೆನೆಯಬೇಕು. ಉದ್ದನೆಯ ಕಬ್ಬಿಣದ ಸಲಾಕೆ ಚುಚ್ಚಿ ನೋಡಿ. ಒದ್ದೆ ಮಣ್ಣಿನಲ್ಲಿ ಸಲೀಸಾಗಿ ಇಳಿದು ಒಣ ಮಣ್ಣಿಗೆ ತಾಗಿದಾಗ ನಿಲ್ಲುತ್ತದೆ. ಅಂತರವನ್ನು ನಾಲ್ಕು ದಿನ, ವಾರ ಎಂದು ಮೆಲ್ಲನೆ ಹಿಗ್ಗಿಸಿ. ನಾನು ಕಡು ಬೇಸಿಗೆಯಲ್ಲಿ ಹತ್ತು–ಹದಿನೈದು ದಿನಕ್ಕೊಮ್ಮೆ ಕೊಡುತ್ತೇನೆ. ಹನಿ ನಳಿಕೆಗಳನ್ನು ಬುಡದಿಂದ ಕೊಂಬೆಗಳ ಅಂಚಿನ ಕೆಳಗೆ ಸರಿಸಿ. ಸಾರಜನಕದ ಗೊಬ್ಬರ ಹಾಕುತ್ತಿದ್ದರೆ ಬಿಡಿ, ಅದು ಎಲೆಯನ್ನಷ್ಟೇ ಕೊಬ್ಬಿಸುತ್ತದೆ.

ಒಂದು ಅನುಮಾನ ಮಾತ್ರ ಪರೀಕ್ಷಿಸಿಕೊಳ್ಳಿ. ಮರುಭೂಮಿಯ ಮಣ್ಣಿನಡಿ ಸುಣ್ಣಗಟ್ಟಿದ ಪದರ ಇರುವುದುಂಟು. ಮರದಿಂದ ದೂರ ಮೊಣಕಾಲುದ್ದದ ಗುಂಡಿ ತೋಡಿ ನೀರು ತುಂಬಿಸಿ. ಮರುದಿನವೂ ನೀರು ನಿಂತಿದ್ದರೆ ಹಾರೆಯಿಂದ ಆ ಪದರ ಒಡೆಯದೆ ಗತಿಯಿಲ್ಲ.

ಕಂಬಕ್ಕೆ ಕಟ್ಟುವುದಾದರೆ ಸಡಿಲವಾಗಿ ಕಟ್ಟಿ. ಕಾಂಡ ಗಾಳಿಗೆ ಅಲುಗಾಡಿದರೇ ದಪ್ಪವಾಗುವುದು. ಹೂ ಬರುವುದು ಹೊಸ ಚಿಗುರಿನಲ್ಲಿ. ಆದ್ದರಿಂದ ಕತ್ತರಿ ಆಡಿಸುವುದಿದ್ದರೆ ಚಳಿಗಾಲದ ಕೊನೆಯಲ್ಲಿ ಆಡಿಸಿ. ಆಗ ಎಲೆಯೆಲ್ಲ ಉದುರಿ, ಒಣ ಕಾಯಿಗಳು ನೇತಾಡುತ್ತ, ಮರ ಸತ್ತೇ ಹೋಯಿತೇನೋ ಎನಿಸುತ್ತದೆ. ಚಿಗುರುವುದೂ ತಡ. ನನ್ನ ಎರಡನೆಯ ಗಿಡಕ್ಕೆ ನಾನು ಗರಗಸ ಹಿಡಿದುಕೊಂಡೇ ಹೋಗಿದ್ದೆ. ಉಗುರಿನಿಂದ ತೊಗಟೆ ಕೆರೆದಾಗ ಒಳಗೆ ಹಸಿರಿತ್ತು.