ಮೊಬೈಲಿನಲ್ಲೇ ಸಿಗುವಾಗ ಟಾಕೀಸು ಯಾಕೆ?

ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರ ಪತ್ರ: “ನಮ್ಮ ಓದುಗರ ಬಳಗದಿಂದ ‘ಸೆಲ್ಮಾ’ ಚಿತ್ರವನ್ನು ಊರಿನ ಟಾಕೀಸಿನಲ್ಲಿ ಒಂದು ಬೆಳಗಿನ ಆಟ ಹಾಕಿಸಿ ನೋಡಬೇಕೆಂದಿದ್ದೇವೆ. ಅರ್ಧ ಜನ, ‘ಮೊಬೈಲಿನಲ್ಲಿ ಸಿಗುವ ಹಳೇ ಪಿಕ್ಚರಿಗೆ ಇಷ್ಟು ದುಡ್ಡು ಯಾಕೆ?’ ಅನ್ನುತ್ತಿದ್ದಾರೆ. ವಿಷಯ ಮುಖ್ಯವೋ, ಪರದೆ ಮುಖ್ಯವೋ? ಹೈಸ್ಕೂಲು ಮಕ್ಕಳನ್ನು ಕರೆತರಬಹುದೇ?”

ಉತ್ತರ: ನಿಮ್ಮ ಬಳಗದ ಹುಮ್ಮಸ್ಸಿಗೆ ಖುಷಿ, ‘ವಿಷಯವೋ ಪರದೆಯೋ’ ಎಂಬ ಜಾಣ ಪ್ರಶ್ನೆಗೆ ಸ್ವಲ್ಪ ಸಿಟ್ಟು. (‘ಸೆಲ್ಮಾ’ ಗೊತ್ತಿಲ್ಲದವರಿಗೆ: ಅಮೆರಿಕದ ಅಲಬಾಮಾ ರಾಜ್ಯದ ಸೆಲ್ಮಾ ಊರಿನಲ್ಲಿ 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮುಂದಾಳತ್ವದಲ್ಲಿ ಕಪ್ಪು ಜನ ಮತದಾನದ ಹಕ್ಕಿಗಾಗಿ ನಡೆಸಿದ ಹೋರಾಟದ ಚಿತ್ರ.) ಮನೆಯಲ್ಲಿ ನೋಡುವುದು ತಪ್ಪೆಂದು ಹೇಳಲಾರೆ. ಟಾಕೀಸೇ ಇಲ್ಲದ ಊರುಗಳಿವೆ, ಮೆಟ್ಟಿಲು ಹತ್ತಲಾಗದವರಿದ್ದಾರೆ. 2020ರ ಜೂನ್‌ನಲ್ಲಿ ಪ್ಯಾರಮೌಂಟ್ ಸಂಸ್ಥೆ ಅಮೆರಿಕದಲ್ಲಿ ಈ ಚಿತ್ರವನ್ನು ಮನೆಯಲ್ಲೇ ಬಿಟ್ಟಿಯಾಗಿ ನೋಡಲು ಬಿಟ್ಟಿತು, ಒಳ್ಳೆಯ ಕೆಲಸವೇ. ಇಷ್ಟು ಹೇಳಿ ಆ ಪಕ್ಷದ ಮಾತು ಮುಗಿಸುತ್ತೇನೆ.

ಸೆಲ್ಮಾ ಎಂಬ ಊರಿನ ಚರಿತ್ರೆ ಸ್ವಲ್ಪ ಕೆದಕಿದರೂ ಮೊದಲು ಎದುರಾಗುವುದು ಒಂದು ಟಾಕೀಸು. 1964ರ ಜುಲೈ 2ರಂದು ಅಧ್ಯಕ್ಷ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ಹೋಟೆಲು, ಟಾಕೀಸುಗಳಲ್ಲಿ ಬಣ್ಣ ನೋಡಿ ಕೂರಿಸುವುದು ಅಂದಿನಿಂದ ಕಾನೂನುಬಾಹಿರ. ಎರಡೇ ದಿನಕ್ಕೆ, ಸೆಲ್ಮಾದ ವಿಲ್ಬಿ ಟಾಕೀಸಿನಲ್ಲಿ ಕಪ್ಪು ಜನ ತಮಗೆಂದು ಗೊತ್ತುಮಾಡಿದ್ದ ಬಾಲ್ಕನಿ ಬಿಟ್ಟು ಕೆಳಗೆ ಬಿಳಿಯರ ಸೀಟುಗಳಲ್ಲಿ ಬಂದು ಕೂತರು. (ನಮ್ಮಲ್ಲಿ ಬಾಲ್ಕನಿ ದುಬಾರಿ ಟಿಕೆಟ್ಟು. ಅಲ್ಲಿ ಅದು ಕೀಳೆಂದು ಎಣಿಸಿದವರನ್ನು ಅಟ್ಟುತ್ತಿದ್ದ ಜಾಗ.) ಬಿಳಿಯರ ಗುಂಪು ಅವರ ಮೇಲೆ ಬಿತ್ತು. ಜುಲೈ 9ರಂದು ಜಡ್ಜ್ ಜೇಮ್ಸ್ ಹೇರ್, ಹೋರಾಟದ ಸಂಘಟನೆಗಳು ಕರೆದ ಕಡೆ ಮೂವರು ಸೇರುವುದನ್ನೂ ನಿಷೇಧಿಸಿ ಆದೇಶ ಹೊರಡಿಸಿದ.

ಅದಕ್ಕೂ ಮೊದಲಿನ ಕಥೆ ಇದೆ. 1960ರ ಕೊನೆಗೆ ಆಸ್ಟಿನ್‌ನಲ್ಲಿ, 1961ರ ಫೆಬ್ರವರಿಯಲ್ಲಿ ನ್ಯಾಶ್‌ವಿಲ್‌ನಲ್ಲಿ ವಿದ್ಯಾರ್ಥಿಗಳು ಟಾಕೀಸಿನ ಕ್ಯೂವನ್ನೇ ಹೋರಾಟ ಮಾಡಿಕೊಂಡರು. ಕ್ಯೂನಲ್ಲಿ ನಿಲ್ಲುವುದು, ಕಿಟಕಿಯಲ್ಲಿ ಟಿಕೆಟ್ ಕೇಳುವುದು, ‘ಕೊಡಲ್ಲ’ ಅಂದರೆ ಜಗಳವಾಡದೆ ಹೋಗಿ ಮತ್ತೆ ಕ್ಯೂನ ಬಾಲಕ್ಕೆ ಸೇರುವುದು. ಸಾಲು ಕರಗುವುದೇ ಇಲ್ಲ, ಮಾಲೀಕನ ವ್ಯಾಪಾರ ಕೂತುಹೋಗುತ್ತದೆ. ನ್ಯಾಶ್‌ವಿಲ್‌ನಲ್ಲಿ ಹೀಗೆ ನಿಂತು ಬಂಧನಕ್ಕೊಳಗಾದವರಲ್ಲಿ ಜಾನ್ ಲೂಯಿಸ್ ಒಬ್ಬರು. 1965ರ ಮಾರ್ಚ್ 7ರಂದು ಮತದಾನದ ಹಕ್ಕು ಕೇಳಿ ಸೆಲ್ಮಾದ ಎಡ್ಮಂಡ್ ಪೆಟ್ಟಸ್ ಸೇತುವೆಯ ಮೇಲೆ ಸುಮಾರು 600 ಜನರ ಮುಂದೆ ನಡೆದು, ಪೊಲೀಸರ ಲಾಠಿಗೆ ತಲೆಬುರುಡೆ ಒಡೆಸಿಕೊಂಡವರೂ ಅವರೇ. ಎಲ್ಲರ ನಡುವೆ ಕೂರುವ ಹಕ್ಕಿಗಾಗಿ ನಡೆದ ಹೋರಾಟದ ಚಿತ್ರವನ್ನು ಒಬ್ಬೊಬ್ಬರೇ ಒಂದೊಂದು ಕೋಣೆಯಲ್ಲಿ ಕೂತು ನೋಡುತ್ತೇವೆ ಎನ್ನುವ ನಿಮ್ಮ ಗೆಳೆಯರಿಗೆ ಈ ಎರಡು ಸಂಗತಿಗಳನ್ನು ಓದಿ ಹೇಳಿ.

ಅವರಲ್ಲೊಬ್ಬ ಚುರುಕಿನವರು ತಿರುಗಿಸಿ ಕೇಳಬಹುದು: ಸೇತುವೆಯ ಹಿಂಸೆಯನ್ನು ದೇಶ ಕಂಡದ್ದು ಮನೆಯ ಟೀವಿಯಲ್ಲೇ ಅಲ್ಲವೇ? ಹೌದು. ಆ ಭಾನುವಾರ ರಾತ್ರಿ ಎಬಿಸಿ ವಾಹಿನಿ, ನಾಜಿಗಳನ್ನು ಕಟಕಟೆಗೆ ತಂದ ನ್ಯೂರೆಂಬರ್ಗ್ ವಿಚಾರಣೆಯ ಕುರಿತ ಸಿನಿಮಾವೊಂದನ್ನು ನಡುವೆ ನಿಲ್ಲಿಸಿ ಸೇತುವೆಯ ದೃಶ್ಯಗಳನ್ನು ತೋರಿಸಿತು. ಕಂಡವರು ಸುಮಾರು 4.8 ಕೋಟಿ ಎನ್ನುತ್ತಾರೆ. ಆದರೆ ಅದು ಎಲ್ಲರೂ ಒಂದೇ ಗಳಿಗೆಯಲ್ಲಿ ನೋಡಿದ ಟೀವಿ. ನಿಲ್ಲಿಸುವ ಗುಂಡಿ ಇರಲಿಲ್ಲ, ‘ನಾಳೆ ನೋಡೋಣ’ ಎನ್ನುವಂತಿರಲಿಲ್ಲ. ಇವತ್ತು ಆ ಒಟ್ಟಿಗೆ ನೋಡುವಿಕೆ ಉಳಿದಿದ್ದರೆ ಅದು ಟಾಕೀಸಿನಲ್ಲಿ. ಸೆಲ್ಮಾ ಚಿತ್ರದ ಆರಂಭದಲ್ಲೇ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಜನರ ಚರ್ಚಿನ ಮೆಟ್ಟಿಲಿಳಿಯುವ ಹುಡುಗಿಯರ ಮಾತಿನ ನಡುವೆ, ಯಾವ ಮುನ್ಸೂಚನೆಯೂ ಇಲ್ಲದೆ ಬಾಂಬು ಸಿಡಿಯುತ್ತದೆ. 1963ರ ಸೆಪ್ಟೆಂಬರ್ 15ರಂದು ಅಲ್ಲಿ ಸತ್ತವರು ನಾಲ್ವರು ಹುಡುಗಿಯರು. ಮನೆಯಲ್ಲಾದರೆ ಅಲ್ಲಿಗೇ ರಿಮೋಟಿಗೆ ಕೈ ಹೋಗುತ್ತದೆ.

ಇನ್ನು ಪರದೆಯ ಲೆಕ್ಕ. ನಿರ್ದೇಶಕಿ ಏವಾ ಡುವರ್ನೆ ಚಿತ್ರವನ್ನು ಮಾಡಿರುವುದು 2.39:1ರ, ಅಂದರೆ ಎತ್ತರದ 2.39 ಪಟ್ಟು ಅಗಲದ, ಚೌಕಟ್ಟಿಗೆ. ಮನೆಯ ಟೀವಿಯಲ್ಲಿ ಅದು ಎತ್ತರದ ಮುಕ್ಕಾಲು ಭಾಗವನ್ನಷ್ಟೇ ತುಂಬುತ್ತದೆ. ಸೇತುವೆಯ ಉದ್ದಕ್ಕೂ ಬರುವ ಜನ ಫೋನಿನಲ್ಲಿ ಇರುವೆ ಸಾಲು. ಅದಕ್ಕಿಂತ ದೊಡ್ಡ ನಷ್ಟ ಕತ್ತಲೆಯದು. ಛಾಯಾಗ್ರಾಹಕ ಬ್ರಾಡ್‌ಫರ್ಡ್ ಯಂಗ್ ಬೆಳಕನ್ನು ಬಹಳ ಕಡಿಮೆ ಇಟ್ಟು ಕಪ್ಪು ಮುಖಗಳ ಛಾಯೆಗಳನ್ನು ತೋರಿಸುವವರು. 1965ರ ಫೆಬ್ರವರಿ 18ರ ರಾತ್ರಿ ಸೆಲ್ಮಾ ಹತ್ತಿರದ ಮ್ಯಾರಿಯನ್ ಊರಿನಲ್ಲಿ, ಹಕ್ಕು ಕೇಳಿ ಹೊರಟವರ ಮೇಲೆ ಪೊಲೀಸರು ಬಿದ್ದಾಗ ಬೀದಿದೀಪ ಆರಿದವು, ಪತ್ರಕರ್ತರಿಗೆ ಹೊಡೆತ ಬಿತ್ತು, ಕ್ಯಾಮೆರಾಗಳು ಹಾಳಾದವು, ಜಿಮ್ಮಿ ಲೀ ಜಾಕ್ಸನ್ ಎಂಬ ಕಪ್ಪು ಯುವಕನಿಗೆ ಗುಂಡು ಬಿತ್ತು. ಆ ದಾಳಿಯ ಚಿತ್ರಗಳು ಉಳಿಯಲಿಲ್ಲ. ಸಿನಿಮಾ ಕಟ್ಟಿಕೊಡುವ ಆ ಇರುಳನ್ನು ಕಿಟಕಿಯ ಬಿಸಿಲು ಬೀಳುವ ಟೀವಿಯಲ್ಲಿ ಏನು ನೋಡುತ್ತೀರಿ? ಟಾಕೀಸಿಗೆ ಬರುವ ಡಿಸಿಪಿಯಲ್ಲಿ (ಹಳೇ ರೀಲಿನ ಬದಲಿಗೆ ಬಂದ ಡಿಜಿಟಲ್ ಪ್ರತಿ) ಸೆಕೆಂಡಿಗೆ 250 ಮೆಗಾಬಿಟ್‌ವರೆಗೆ ಚಿತ್ರದ ಮಾಹಿತಿ ಇರಬಹುದು. ಮನೆಗೆ ಬರುವ ಎಚ್‌ಡಿ ಸಾಮಾನ್ಯವಾಗಿ 10ನ್ನೂ ಮುಟ್ಟುವುದಿಲ್ಲ. ಕುಗ್ಗಿಸುವಾಗ ಮೊದಲು ಬಲಿಯಾಗುವುದು ನೆರಳಿನ ಭಾಗ, ಅಲ್ಲಿ ಚೌಕ ಚೌಕ ಕಲೆ ಏಳುತ್ತದೆ.

ಟಾಕೀಸಿನಲ್ಲಿ ಎಲ್ಲವೂ ತಾನಾಗಿಯೇ ಸರಿಯಿರುತ್ತದೆ ಎಂದುಕೊಳ್ಳಬೇಡಿ. ನಿಮ್ಮ ಓಟಿಟಿ ಚಂದಾ ಸಾರ್ವಜನಿಕ ಪ್ರದರ್ಶನಕ್ಕೆ ಅನುಮತಿಯಲ್ಲ. ಹಕ್ಕುದಾರರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಸೆನ್ಸಾರ್ ಪ್ರಮಾಣಪತ್ರವನ್ನೂ ಕೇಳಿ, ಮಕ್ಕಳು ನೋಡಬಹುದಾದ ವರ್ಗವೇ ಎಂದು ಅಲ್ಲೇ ತಿಳಿಯುತ್ತದೆ. ಆಮೇಲೆ ಟಾಕೀಸಿನ ಯಂತ್ರ. ಹಾಲಿವುಡ್ ಸ್ಟುಡಿಯೋದ ಡಿಸಿಪಿ ಎಲ್ಲ ಯಂತ್ರಗಳಲ್ಲೂ ಓಡುವುದಿಲ್ಲ, ಮುಂಗಡ ಕೊಡುವ ಮೊದಲೇ ವಿಚಾರಿಸಿ. ಡಿಸಿಪಿಗೆ ಕೆಡಿಎಂ ಎಂಬ ಡಿಜಿಟಲ್ ಕೀಲಿ ಬರುತ್ತದೆ: ಇಂಥ ಸರ್ವರ್‌ನಲ್ಲಿ, ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ ಮಾತ್ರ. ಸರ್ವರ್ ಬದಲಾಗಿದ್ದು ಹಳೇ ಸೀರಿಯಲ್ ನಂಬರ್ ಕಳಿಸಿದ್ದರೆ ಆಟದ ದಿನ ಪರದೆ ಖಾಲಿ. ಕೀಲಿಯ ಅವಧಿ ಹಿಂದಿನ ದಿನದಿಂದಲೇ ಶುರುವಾಗುವಂತೆ ಕೇಳಿ, ಹತ್ತು ನಿಮಿಷ ಓಡಿಸಿ ನೋಡಿ. ಕೀಲಿ ಬರದಿದ್ದರೆ ಲ್ಯಾಪ್‌ಟಾಪ್ ಸಿಕ್ಕಿಸುತ್ತೇನೆ ಎನ್ನುವ ಆಪರೇಟರ್‌ಗೆ ಕೈಮುಗಿದು ಬೇಡ ಅನ್ನಿ. ಸಿಗ್ನಲ್ ಹೊಂದದೆ ಕಪ್ಪು ಬೂದುಬಣ್ಣವಾಗುತ್ತದೆ, ಇಲ್ಲವೇ ನೆರಳೆಲ್ಲ ಮಸಿಯಾಗುತ್ತದೆ.

ಪರೀಕ್ಷೆಯ ದಿನ ಮೂರು ಸಂಗತಿ ನೋಡಿ. ಲೆನ್ಸ್ ‘ಸ್ಕೋಪ್’ಗೆ, ಅಂದರೆ ಆ ಅಗಲದ ಚೌಕಟ್ಟಿಗೆ, ಇದೆಯೇ. ದೀಪ ಹಳತಾಗಿ ಮಂಕಾಗಿದೆಯೇ. ಪರದೆಯ ನಡುವೆ 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ) ಬೆಳಕು ಇರಬೇಕೆಂಬುದು ನಿಯಮ. ಸೌಂಡಿನ ಗುಂಡಿ 7ಕ್ಕೆ, ಅಂದರೆ ಸರಿಯಾದ ಮಟ್ಟಕ್ಕೆ, ಇದೆಯೇ. ದೂರು ಬಂತೆಂದು 4ಕ್ಕೆ ಇಳಿಸಿಟ್ಟಿದ್ದರೆ ಪಿಸುಮಾತು ಕೇಳುವುದಿಲ್ಲ. ಚಿತ್ರ 128 ನಿಮಿಷ, ಇಂಟರ್‌ವಲ್ ಬೇಡವೆಂದು ಮೊದಲೇ ಹೇಳಿ, ಇಲ್ಲದಿದ್ದರೆ ಪ್ಲೇಲಿಸ್ಟಿನಲ್ಲಿ ಅದು ಇದ್ದೇ ಇರುತ್ತದೆ. ಹೆಸರುಗಳು ಮುಗಿಯುವ ತನಕ ದೀಪ ಹಾಕಿಸಬೇಡಿ. ಆಸ್ಕರ್ ಪಡೆದ ಹಾಡು ಅಲ್ಲೇ ಇದೆ.

ಮಕ್ಕಳನ್ನು ಖಂಡಿತ ಕರೆತನ್ನಿ, ಸಿದ್ಧ ಮಾಡಿ ಕರೆತನ್ನಿ. 2015ರ ಜನವರಿಯಲ್ಲಿ ನ್ಯೂಯಾರ್ಕಿನ ಕಪ್ಪು ಉದ್ಯಮಿಗಳು ಹಣ ಕೂಡಿಸಿ 7, 8, 9ನೇ ತರಗತಿಯ 27,000 ಮಕ್ಕಳಿಗೆ ಸೆಲ್ಮಾ ಟಿಕೆಟ್ ಬಿಟ್ಟಿ ಕೊಡಿಸಿದರು. ಬೇರೆ ಊರುಗಳೂ ಅದನ್ನೇ ಮಾಡಿದವು. ಇದಕ್ಕೆ ತದ್ವಿರುದ್ಧ ನಡೆದದ್ದು 1994ರಲ್ಲಿ, ಓಕ್‌ಲ್ಯಾಂಡಿನಲ್ಲಿ. ಕಿಂಗ್ ಹೆಸರಿನ ರಜಾದಿನ ‘ಶಿಂಡ್ಲರ್ಸ್ ಲಿಸ್ಟ್’ ನೋಡಲು ಬಂದ ಸುಮಾರು 70 ವಿದ್ಯಾರ್ಥಿಗಳನ್ನು, ಹತ್ಯೆಯ ದೃಶ್ಯದಲ್ಲಿ ನಕ್ಕರೆಂದು, ಚಿತ್ರ ನಿಲ್ಲಿಸಿ ಹೊರಗೆ ಕಳಿಸಿದರು. ಏನು ನೋಡಲು ಹೋಗುತ್ತಿದ್ದೇವೆಂದು ಅವರಿಗೆ ಸರಿಯಾಗಿ ಹೇಳಿರಲಿಲ್ಲ. ನೀವು ಒಂದು ಪೀರಿಯಡ್ ತೆಗೆದುಕೊಂಡು ಚರ್ಚಿನ ಬಾಂಬು, ಮ್ಯಾರಿಯನ್, ಸೇತುವೆ, ಆಗಸ್ಟ್ 6ರ ಮತದಾನದ ಹಕ್ಕಿನ ಕಾಯ್ದೆ, ಇಷ್ಟನ್ನು ಬೋರ್ಡಿನ ಮೇಲೆ ಬರೆಯಿರಿ. ಚಿತ್ರದಲ್ಲಿ ಕಿಂಗ್ ಆಡುವ ಭಾಷಣಗಳು ಅವರದೇ ಮಾತುಗಳಲ್ಲ, ಹಕ್ಕು ಬೇರೆ ಕಂಪನಿಯ ಬಳಿ ಇದ್ದುದರಿಂದ ಹೊಸದಾಗಿ ಬರೆದವು ಎಂದು ತಿಳಿಸಿ. ಜಾನ್ಸನ್‌ರನ್ನು ತೋರಿಸಿದ ರೀತಿಗೆ ಅವರ ಸಹಾಯಕ ಜೋಸೆಫ್ ಕ್ಯಾಲಿಫಾನೋ ಬಹಿರಂಗವಾಗಿ ತಕರಾರೆತ್ತಿದ್ದನ್ನೂ ಹೇಳಿ. ಮಕ್ಕಳು ಜಗಳವಾಡಲಿ.

ನಮ್ಮಲ್ಲಿ ಇಂಥದ್ದಕ್ಕೆ ಟಾಕೀಸು ಸಿಗುವುದೇ ಕಷ್ಟ. ಜಬ್ಬಾರ್ ಪಟೇಲರು ಅಂಬೇಡ್ಕರ್ ಕುರಿತು ಮಾಡಿದ, ಮಮ್ಮುಟ್ಟಿಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ ಸರ್ಕಾರದ ದುಡ್ಡಿನಲ್ಲೇ ಆದದ್ದು. ಅದರ ತಮಿಳು ಆವೃತ್ತಿ ಥಿಯೇಟರಿಗೆ ಬರಲು 2010ರವರೆಗೆ ಕಾಯಬೇಕಾಯಿತು, ಅದೂ ಮದ್ರಾಸ್ ಹೈಕೋರ್ಟಿನ ಬಾಗಿಲು ತಟ್ಟಿದ ಮೇಲೆ. ಊರ ಟಾಕೀಸುಗಳು ಕಲ್ಯಾಣ ಮಂಟಪಗಳಾಗುತ್ತಿವೆ. ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಹೊರಟ ಸರ್ಕಾರದ ಆದೇಶ 2025ರಲ್ಲಿ ಹೈಕೋರ್ಟ್ ಮೆಟ್ಟಿಲೇರಿತು. ಹತ್ತು ಗಂಟೆಯ ಆಟಕ್ಕೆ ಪಾನ್ ಮಸಾಲಾ, ಚಿನ್ನ, ಸೈಟುಗಳ ಜಾಹೀರಾತು ಮುಗಿಯುವಷ್ಟರಲ್ಲಿ ಹತ್ತೂಕಾಲು. ಬಾಡಿಗೆಯ ಮಾತಿನಲ್ಲೇ ಈ ಜಾಹೀರಾತುಗಳನ್ನು ತೆಗೆಸಿಬಿಡಿ. ಇಡೀ ಆಟ ನಿಮ್ಮದಾಗಿರುವಾಗ ಮಾಲೀಕರು ಬೇಡ ಅನ್ನಲಿಕ್ಕಿಲ್ಲ. ದಿನಾಂಕ ಗೊತ್ತಾದ ಕೂಡಲೇ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.