ಉಪನಗರ ರೈಲು ಯೋಜನೆ ತಡವಾದರೆ ಯಾರನ್ನು ಕೇಳಬೇಕು?

ಪ್ರಶ್ನೆ: ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ದಿನಾ ಮೂರು ಗಂಟೆ ಬಸ್ಸಿನಲ್ಲೇ ಕಳೆಯುತ್ತದೆ. ಉಪನಗರ ರೈಲು ಯೋಜನೆ ತಡವಾಗಿದ್ದನ್ನು ತೀರ್ಥಹಳ್ಳಿಯಲ್ಲಿ ಕೂತು ನಾನು ಕೇಳಬಹುದಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಖಂಡಿತ ಕೇಳಬಹುದು ಅಮ್ಮಾ. ಅದರಲ್ಲಿ ನಿಮ್ಮ ತೆರಿಗೆ ದುಡ್ಡೂ ಇದೆ ಅಲ್ವಾ? 148 ಕಿ.ಮೀ. ಯೋಜನೆಗೆ 2022ರ ಜೂನ್‌ನಲ್ಲಿ ಅಡಿಗಲ್ಲು ಹಾಕಿದಾಗ 40 ತಿಂಗಳು ಅಂದಿದ್ದರು. ಆ ಗಡುವು 2025ರ ಅಕ್ಟೋಬರ್‌ಗೆ ಮುಗಿಯಿತು. ಆಗ ಒಂದು ಮಾರ್ಗದಲ್ಲೂ ರೈಲು ಓಡಿರಲಿಲ್ಲ. ಕೆಲಸ ನಡೆಸುವುದು ಕೆ-ರೈಡ್; ಅದು ರಾಜ್ಯ ಸರ್ಕಾರ ಮತ್ತು ರೈಲ್ವೆಯ ಜಂಟಿ ಕಂಪನಿ. ಇಬ್ಬರೂ ಉತ್ತರ ಕೊಡಬೇಕು. ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುವುದನ್ನು ನಾನಂತೂ ಒಪ್ಪುವುದಿಲ್ಲ.

ಕೆ-ರೈಡ್‌ಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ‘ಯಾಕೆ ತಡ’ ಅಂತ ಸುಮ್ನೆ ಕೇಳಬೇಡಿ. ಗುತ್ತಿಗೆಯ ಗಡುವನ್ನು ಎಷ್ಟು ಸಲ ಮುಂದೂಡಿದಿರಿ, ದಂಡ ಎಷ್ಟು ವಸೂಲಾಯಿತು, ಆದೇಶಗಳ ಪ್ರತಿ ಕೊಡಿ ಅಂತ ಬರೆಯಿರಿ.